ಕರಿ ನಾಲ್ಕರ ಸೀಟಿ

ಜೂನ್ 9, 2025, ಸೋಮವಾರ

ಸಕಲ ಸಂಗೀತ ಲೋಕಕ್ಕೆ, ವಿಶೇಷವಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಪಂಚ ತಾಲೂಕುಗಳ ಸಮಸ್ತ ಭಜನಾಸ್ತೋಮಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದು ಬೆಳಗಿನ ಎರಡನೇ ಚಹಾದ ತರುವಾಯ, ದೀರ್ಘಾಲೋಚನೆ ಮಾಡಿ, 'ಸ್ವರಜೋಳಿಗೆ'ಯ ಹಸಿರು ಗುಂಡಿಯನ್ನು ಇನ್ನೂ ತುಸು ಹಸಿರು ಮಾಡಲಾಗಿದೆ.

ಇದು ಲೋಕಕ್ಕೆ ತಿಳಿಯಬೇಕಾದ ಸಂಗತಿಯೇ. ಆದರೆ ಲೋಕ ಬೆಳಗಿನಿಂದ ಮಂಡಕ್ಕಿ ಮಿರ್ಚಿಯಲ್ಲಿ ಮುಳುಗಿದೆ. ದಾಕ್ಷಾಯಣಿಗೆ ತೋರಿಸಿದೆ. "ಮೊದ್ಲೂ ಹಸರs ಇತ್ತಲ್ರಿ" ಅಂದಳು. ಕಟ್ಟಿಕೊಂಡ ಹೆಂಡತಿಯೇ ಹೀಗಂದ ಮೇಲೆ ದಿನಚರಿಗಲ್ಲದೆ ಇನ್ನಾರಿಗೆ ಹೇಳಲಿ?

ಸ್ವರಜೋಳಿಗೆ ಅಂದರೆ ಫೋನಿನೊಳಗಿನ ಶ್ರುತಿಪೆಟ್ಟಿಗೆ. ಹಾರ್ಮೋನಿಯಂ ಇಲ್ಲದ ಭಜನೆಯವರು, ಇದ್ದೂ ಬಾರಿಸಲು ಬಾರದವರು, ತಮಗೆ ಬೇಕಾದ ಮನೆ, ಅಂದರೆ ಸ್ವರದ ಕೀಲಿ, ಒತ್ತಿದರೆ ಸಾಕು. ಬಿಳಿ ಒಂದು, ಕರಿ ನಾಲ್ಕು, ಯಾವುದೋ ಒಂದು. ಪೇಟಿ ಗುಂಯ್ ಅನ್ನುತ್ತ ಕೂತಿರುತ್ತದೆ, ಇವರು ಅದಕ್ಕೆ ಗಂಟಲು ಹೊಂದಿಸಿಕೊಂಡು ಹಾಡುತ್ತಾರೆ. ಆ ಗುಂಯ್ ನಮ್ಮಪ್ಪನ ಪೇಟಿಯದು. ನಮ್ಮ ರೆಕಾರ್ಡಿಂಗ್ ಕೋಣೆಯಲ್ಲಿ ಒಂದೊಂದೇ ಮನೆ ಒತ್ತಿ ಹಿಡಿದು ನಾನೇ ಮುದ್ರಿಸಿಕೊಂಡದ್ದು. ಮೊದಲು ಕಂಪ್ಯೂಟರಿಗೆ ಮಾಡಿದ್ದೆ, ಆಮೇಲೆ ಫೋನಿಗೆ. ಪೇಟಿಯನ್ನು ಇಲಿಗಳು ತಿಂದು ಮುಗಿಸಿದವು. ಗುಂಯ್ ಮಾತ್ರ ಐದು ತಾಲೂಕಿನ ಫೋನುಗಳಲ್ಲಿ ಬದುಕಿಕೊಂಡಿದೆ.

ಬದುಕಿಕೊಂಡಿತ್ತು ಅನ್ನಬೇಕೇನೋ. ಹೊಸ ಫೋನ್ ಕೊಂಡವರಿಗೆ ಜೋಳಿಗೆ ತೆರೆಯುವುದೇ ಇಲ್ಲ. 'ಈ ಆ್ಯಪ್ ಬಹಳ ಹಳೆಯದು' ಎಂದು ಫೋನು ಮುಖ ತಿರುಗಿಸುತ್ತದಂತೆ. ನಿನ್ನೆ ಕೊಂಡ ಫೋನು, ಹಳಬರಿಗೆ ಮರ್ಯಾದೆ ಎಲ್ಲಿಂದ ಕೊಟ್ಟೀತು? ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕು. ಅದೂ ಶ್ರಾವಣದೊಳಗೆ. ಶ್ರಾವಣದಲ್ಲಿ ಒಂದೊಂದು ಸಂಜೆ ಒಂದೊಂದು ಮನೆಯಲ್ಲಿ ಭಜನೆ. ಆಗ ಶ್ರುತಿ ಇಲ್ಲದಿದ್ದರೆ ಗುಂಪಿನಲ್ಲಿ ಎಷ್ಟು ಜನವೋ ಅಷ್ಟು ಶ್ರುತಿ.

ಕೊಟ್ಟೂರಲ್ಲಿ ನನಗೆ ಗುರುಬಸವರಾಜ ಅನ್ನುವವರು ರೇಷನ್ ಕಾರ್ಡಿನವರು ಮಾತ್ರ. ಮಿಕ್ಕವರಿಗೆ ನಾನು 'ಕಿವಿ ಬಸಣ್ಣ'. ಹಾಡುವವನ ಗಂಟಲು ಬೆಳಿಗ್ಗೆ ಮೊಸರು ಕುಡಿದಿದೆಯೋ ಮಜ್ಜಿಗೆ ಕುಡಿದಿದೆಯೋ ಹೇಳುವ ಕಿವಿ ಅಂತ ಖ್ಯಾತಿ. ಆದ್ದರಿಂದ ಚಿಂತೆಗೆ ಕಾರಣವಿಲ್ಲ.

ಜೂನ್ 14, ಶನಿವಾರ

ಹಗರಿಬೊಮ್ಮನಹಳ್ಳಿಯಿಂದ ಕ್ರಾಂತಿ ಮೇಡಂ ಬಂದಿದ್ದರು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಇವರ ತಂದೆ ಭೀಮರಾಜ ಮೇಷ್ಟ್ರು ಭೀಮ ಜಯಂತಿಯ ಹಾಡುಗಳನ್ನೆಲ್ಲ ನನ್ನ ಕೋಣೆಯಲ್ಲೇ ಮುದ್ರಿಸಿದವರು. ಆ ಋಣಕ್ಕೋ ಏನೋ, ಮಗಳು ಮೂರು ವರ್ಷದಿಂದ ಜೋಳಿಗೆಯ ರಿಪೇರಿಗೆ ಕೈ ಕೊಡುತ್ತಿದ್ದಾರೆ. ಸಂಬಳ: ದಾಕ್ಷಾಯಣಿಯ ಜೋಳದ ರೊಟ್ಟಿ ಮತ್ತು ನನ್ನ ಉಪದೇಶ. ರೊಟ್ಟಿಯನ್ನು ಮಾತ್ರ ಕಟ್ಟಿಸಿಕೊಂಡು ಹೋಗುತ್ತಾರೆ.

ಕೆಲಸ ಹಂಚಿಕೊಂಡೆವು. ಒಳಗಿನ ಯಂತ್ರ ಅವರದು. ಧ್ವನಿ ನನ್ನದು. ಹಳೆಯ ಧ್ವನಿ ಸಣ್ಣ ಅಳತೆಯದು, ಹೊಸ ಫೋನಿಗೆ ದೊಡ್ಡ ಅಳತೆ ಬೇಕು. ಹಿಗ್ಗಿಸಬೇಕು, ಕೇಳಬೇಕು, ಸರಿ ಅನ್ನಬೇಕು. ಸರಿ ಅನ್ನುವುದು ನನಗೆ ಚೆನ್ನಾಗಿ ಬರುತ್ತದೆ.

"ಸರ್, ಬಳಗದಾಗ ಒಂದ್ ಮಾತು ಹಾಕೋಣ" ಅಂದರು ಮೇಡಂ. "ಏನ್ ಕೆಟ್ಟೈತಿ, ಏನ್ ಮಾಡಾಕತ್ತೀವಿ, ಎಂದು ಆಗಬಹುದು ಅಂತ."

ಬಳಗ ಅಂದರೆ ಜೋಳಿಗೆ ಬಳಸುವವರ ವಾಟ್ಸ್ಯಾಪ್ ಗುಂಪು.

"ಮೇಡಂ, ಗರ್ಭಗುಡಿಯಾಗ ಪೂಜಾರಿ ಪರದೆ ಯಾಕ ಎಳೀತಾನ?"

"ಯಾಕ್ರಿ?"

"ಒಳಗ ದೇವರಿಗೆ ಸ್ನಾನ ಆಗೂತನಕ ಭಕ್ತರು ನೋಡಬಾರ್ದು."

"ನಮ್ಮನ್ನ ಗುಡಿ ಒಳಗs ಬಿಟ್ಟಿರಲಿಲ್ಲರಿ. ಪರದೆ ಸುದ್ದಿ ನನಗ ಹೆಂಗ ಗೊತ್ತಾಗಬೇಕು?" ಅಂದು ನಕ್ಕರು. ನಾನೂ ನಕ್ಕೆ. ವಿಷಯ ಬದಲಿಸಿದೆ. ಬಳಗಕ್ಕೆ ಏನೂ ಹಾಕಲಿಲ್ಲ.

ಇನ್ನೊಂದು ಸಂಗತಿ. ದಾಕ್ಷಾಯಣಿ ಊಟಕ್ಕೆ ಬಡಿಸುತ್ತ ಇದ್ದಕ್ಕಿದ್ದಂತೆ ನೆಲವನ್ನು ಬೆರಳಿಂದ ಕುಟ್ಟಿ 'ಶಿವ ಶಿವಾ' ಅಂದಳು. "ಏನಾತು?" ಅಂದೆ. "ಹಲ್ಲಿ ನುಡೀತಲ್ರಿ" ಅಂದಳು. ಹಲ್ಲಿ ನುಡಿಯಲೇ ಇಲ್ಲ. ಹಲ್ಲಿ ಗೋಡೆಯ ಮೇಲಿತ್ತು, ಬಾಯಿ ಮುಚ್ಚಿಕೊಂಡು ತನ್ನ ಪಾಡಿಗೆ ತಾನಿತ್ತು. ಇವಳಿಗೆ ಈಚೆಗೆ ಇಲ್ಲದ ಶಕುನ ಕೇಳುತ್ತಿವೆ. ಮೇಡಂ ನನ್ನ ಕಡೆ ಒಮ್ಮೆ, ಹಲ್ಲಿಯ ಕಡೆ ಒಮ್ಮೆ ನೋಡಿ ರೊಟ್ಟಿ ಮುರಿದರು.

ಜೂನ್ 27, ಶುಕ್ರವಾರ

ಹಿಗ್ಗಿಸುವ ಕೆಲಸ ಮುಗಿಯಿತು. ಎಲ್ಲ ಮನೆಗಳನ್ನೂ ಒಂದೊಂದಾಗಿ, ಕಣ್ಣು ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಆಹಾ! ಹಾಲಿನ ಕೆನೆ. ಮೊದಲಿದ್ದ ಚರಚರ ಕೂಡ ಮಾಯ. ಯಂತ್ರಗಳು ಕಾಲ ಕಳೆದಂತೆ ಸುಧಾರಿಸುತ್ತಿವೆ, ಮನುಷ್ಯರು ಹಾಗಲ್ಲ. ಈಗಿನವರು ಮಾತಾಡುವುದು ನೋಡಿದರೆ ಬಾಯಲ್ಲಿ ಮುಷ್ಟಿ ಮಂಡಕ್ಕಿ ಇಟ್ಟುಕೊಂಡಂತಿರುತ್ತದೆ. ಬ್ಯಾಂಕಿನ ಹುಡುಗಿಗೆ ಮೂರು ಸಲ 'ಏನಮ್ಮಾ' ಅನ್ನಬೇಕಾಯಿತು. ಟಿವಿಯವರೂ ಅಷ್ಟೆ.

ಮಳೆ ಒಂದು ಹದ ಬಿತ್ತು. ಸಂಜೆ ಹಿತ್ತಲಲ್ಲಿ ನಿಂತೆ. ಒಂದು ಜೀರುಂಡೆಯೂ ಇಲ್ಲ. ಹೊಲಕ್ಕೆ ಔಷಧ ಹೊಡೆದು ಹೊಡೆದು ಹುಳದ ಸಂತಾನವನ್ನೇ ತೆಗೆದುಬಿಟ್ಟರು. ಈ ಬಗ್ಗೆ ಯಾರಾದರೂ ಬರೆಯಬೇಕು.

ಜುಲೈ 6, ಭಾನುವಾರ, ಆಷಾಢ ಏಕಾದಶಿ

ಜೋಳಿಗೆ ಲೋಕಾರ್ಪಣೆಯಾಯಿತು! ಬಳಗದಲ್ಲಿ ಹಾಕಿದ ಪ್ರಕಟಣೆಯಲ್ಲಿ 'ನವೀನ', 'ಪರಿಶುದ್ಧ', 'ನಾದಬ್ರಹ್ಮ' ಎಂಬ ಮೂರು ಪದಗಳನ್ನು ಹೊಂದಿಸಿದ್ದೆ. ಮೇಡಂ 'ಪರಿಶುದ್ಧ' ತೆಗೆಯಿರಿ ಅಂದರು. ತೆಗೆಯಲಿಲ್ಲ. ಮಧ್ಯಾಹ್ನದವರೆಗೆ ಕೈಮುಗಿದ ಚಿತ್ರ, ಹೂವಿನ ಚಿತ್ರ, ಒಂದು ಆನೆ. ಆನೆ ಏಕೆ ಬಂತೋ ತಿಳಿಯದು, ಅಭಿಮಾನವೆಂದು ಸ್ವೀಕರಿಸಿದೆ.

ಸಂಜೆ ಮಾಗಳದ ಪಕ್ಕೀರಮ್ಮನ ಧ್ವನಿ ಮೆಸೇಜು. ಹೊಳೆ ದಂಡೆಯ ಆ ಊರಲ್ಲಿ ಹೆಂಗಸರ ಭಜನೆಗೆ ಈಕೆಯೇ ಮುಂದಾಳು. ಹಾಡುವುದು ಕರಿ ನಾಲ್ಕರಲ್ಲಿ. ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದೆ. ಈಕೆಯೂ ಮಂಡಕ್ಕಿಯವಳೇ, ನಾಲ್ಕು ಸಲ ಕೇಳಬೇಕಾಯಿತು.

"ಅಣ್ಣಾರ, ಶರಣ್ರಿ. ಹೊಸಾ ಪೇಟಿ ಬಂತು, ಚಲೋ ಆತು. ಆದ್ರ ಕರಿ ನಾಕರಾಗ ಏನೋ ಸಣ್ಣಗ ಸೀಟಿ ಹೊಡದಂಗ ಆಗ್ತೈತ್ರಿ. ತಲಿ ಒಳಗ ಸೂಜಿ ಚುಚ್ಚಿದಂಗ. ಸ್ವಲ್ಪ ನೋಡ್ರಿ ಯಪ್ಪಾ."

ಕರಿ ನಾಲ್ಕನ್ನು ಮತ್ತೆ ಹಾಕಿ ಕೇಳಿದೆ. ಕೆನೆ. 'ನಿಮ್ಮ ಫೋನಿನ ಸ್ಪೀಕರಿಗೆ ಧೂಳು ಹೊಕ್ಕಿದೆ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮೆತ್ತಗೆ ಉಜ್ಜಿರಿ' ಎಂದು ಬರೆದೆ.

ಜುಲೈ 8, ಮಂಗಳವಾರ

ಧೂಳು ಸಾಂಕ್ರಾಮಿಕ ರೋಗವೆಂದು ಇಂದು ತಿಳಿಯಿತು. ಹರಪನಹಳ್ಳಿಯಲ್ಲಿ ಸೀಟಿ. ಹಲವಾಗಲಿನಲ್ಲಿ ಸೀಟಿ. ಕೂಡ್ಲಿಗಿಯ ಓಬಣ್ಣನಿಗೂ ಸೀಟಿ. ಇವನು ನಾಟಕಗಳಿಗೆ ಹಾರ್ಮೋನಿಯಂ ಬಾರಿಸುವ ಮಾಸ್ತರ, ನನ್ನ ಹಳೆಯ ಗೆಳೆಯ. ಬಳಗದಲ್ಲಿ ಎಲ್ಲರೆದುರು ಬರೆದ:

'ಏನಲೇ ಬಸ್ಯಾ, ನಿನ್ನ ಜೋಳಿಗ್ಯಾಗ ರೆಫ್ರಿ ಕುಂದ್ರಿಸೀಯೇನು? ಹಾಡು ಸುರು ಮಾಡಿದ್ರ ಸಾಕು ಫೌಲ್ ಅಂತಾನ.'

ಇದಕ್ಕೆ ಎಪ್ಪತ್ತು ಜನ ನಕ್ಕರು. ನಾನು ಎಣಿಸಲಿಲ್ಲ, ಫೋನೇ ಎಣಿಸಿ ತೋರಿಸಿತು.

ನಾನು ವಿವರವಾದ ಪ್ರಕಟಣೆ ಕೊಟ್ಟೆ. ಸೀಟಿಗೆ ಕಾರಣಗಳು: ಅಗ್ಗದ ಫೋನು, ಮನೆ ಮುಂದಿನ ಕರೆಂಟ್ ಕಂಬ, ಆಷಾಢದ ಗಾಳಿ. ಕ್ರಾಂತಿ ಮೇಡಂ ಫೋನ್ ಮಾಡಿದರು.

"ಸರ್, ನನಗೂ ಕೇಳಸ್ತೈತಿ."

"ನಿಮ್ಮ ಫೋನೂ ಅಗ್ಗದ್ದೇ ಅಲ್ಲೇನ್ರಿ?"

ಆ ಕಡೆ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಅಥವಾ ಬಂತೋ.

ಜುಲೈ 10, ಗುರುವಾರ

ಬಳಗಕ್ಕೆ ಬೀಗ ಹಾಕಿದೆ. ಇನ್ನು ಮೇಲೆ ಅಡ್ಮಿನ್ ಮಾತ್ರ ಬರೆಯಬಹುದು. ಅಡ್ಮಿನ್ ನಾನು.

ಎಂಥ ಶಾಂತಿ!

ಜುಲೈ 13, ಭಾನುವಾರ

ಶಾಂತಿ ಮೂರು ದಿನವೂ ಬಾಳಲಿಲ್ಲ. ಪಕ್ಕೀರಮ್ಮ ಜೋಳಿಗೆಯನ್ನು ಫೋನಿನಿಂದ ತೆಗೆದೇಬಿಟ್ಟಳಂತೆ. ಓಬಣ್ಣ ಹೇಳಿದ. ನನ್ನ ಅಭಿಮಾನಕ್ಕೆ ಬೆಂಕಿ ಬಿತ್ತು. ಹೋಗಿ ಎದುರೆದುರೇ ಕೇಳಿಸಿ, ಒಪ್ಪಿಸಿ ಬರುವುದೆಂದು ನನ್ನದೇ ದುಬಾರಿ ಸ್ಪೀಕರನ್ನು ಬಗಲಿಗೆ, ಹಳೆಯದು ಹೊಸದು ಎರಡೂ ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಹಡಗಲಿಯಲ್ಲಿ ಬಸ್ಸು ಬದಲಿಸಿ ಮಾಗಳ ಸೇರಿದಾಗ ಬಿಸಿಲು ಇಳಿಮುಖವಾಗಿತ್ತು.

ಪಕ್ಕೀರಮ್ಮನ ಕಟ್ಟೆಯ ಮೇಲೆ ಹೆಂಗಸರು ಆಗಲೇ ಕೂತಿದ್ದರು. ಎಲ್ಲರ ಕೈಯಲ್ಲೂ ತಾಳ. ಚಹಾ ಕೊಟ್ಟರು. ಪಕ್ಕೀರಮ್ಮ ಕುಳ್ಳಗೆ, ಗಟ್ಟಿಯಾಗಿ, ಬೀಸುವ ಕಲ್ಲಿನಂಥ ಹೆಂಗಸು.

"ಯವ್ವಾ, ಇದು ನನ್ನ ಸ್ಪೀಕರು. ಧೂಳು ಇಲ್ಲ, ಕಂಬ ಇಲ್ಲ. ಈಗ ಕೇಳ್ರಿ" ಎಂದು ಕರಿ ನಾಲ್ಕನ್ನು ಒತ್ತಿದೆ.

ಅಷ್ಟೂ ಹೆಂಗಸರು ಒಂದೇ ಸಲ ಮುಖ ಕಿವುಚಿದರು. ಹುಣಸೆಕಾಯಿ ಕಚ್ಚಿದವರ ಹಾಗೆ. ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ಹೊರಗೆ ಹೋಯಿತು.

ನನಗೆ ಕೆನೆ.

"ಅಣ್ಣಾರ, ನೀವು ಬಂದು ಹೇಳಿದ್ದಕ್ಕ ನಾವು ಇಲ್ಲ ಅನ್ನಾಕ ಬರಂಗಿಲ್ಲ" ಅಂದಳು ಪಕ್ಕೀರಮ್ಮ. "ಒಂದ್ ಕೆಲಸ ಮಾಡೂಣು. ನಾ ಆ ಕಡೆ ಮಾರಿ ಮಾಡಿ ಕುಂದರ್ತೀನಿ. ನಿಮ್ಮ ಹಳೇ ಫೋನಿನ್ಯಾಗ ಹಳೇದು ಐತಲ್ಲ? ಒಮ್ಮೆ ಹಳೇದು ಹಚ್ರಿ, ಒಮ್ಮೆ ಹೊಸಾದು ಹಚ್ರಿ. ಹೆಂಗ ಬೇಕಾದ್ರ ಹಚ್ರಿ."

ಗೋಡೆಗೆ ಮುಖ ಮಾಡಿ ಕೂತಳು. ನಾನು ಹಚ್ಚಿದೆ.

"ಈಗ ಐತಿ... ಈಗ ಇಲ್ಲ... ಈಗೂ ಇಲ್ಲ. ಮೋಸ ಮಾಡ್ತೀರೇನು? ಎರಡೂ ಸಲ ಹಳೇದs ಹಚ್ಚೀರಿ... ಈಗ ಐತಿ."

ಒಂದೂ ತಪ್ಪಲಿಲ್ಲ. ಹೆಂಗಸರು ನಗಬಹುದಿತ್ತು, ನಗಲಿಲ್ಲ. ಅದೇ ನನಗೆ ಕಷ್ಟವಾಯಿತು. ನನ್ನನ್ನು ನೋಡುತ್ತಿದ್ದರು, ಬಸ್ಸು ತಪ್ಪಿಸಿಕೊಂಡು ನಿಂತವನನ್ನು ನೋಡುವ ಹಾಗೆ.

"ನಮಗೇನು ನಿಮ್ಮ ಮ್ಯಾಲೆ ಸಿಟ್ಟಿಲ್ಲ ಅಣ್ಣಾರ" ಅಂದಳು. "ಆದ್ರ ನೀವು ಗುಂಪಿಗೆ ಬೀಗ ಹಾಕಿದ್ರಿ. ಶ್ರಾವಣ ಬಾಗಲಿಗೆ ಬಂದು ನಿಂತೈತಿ. ನನ್ನ ಹಳೇ ಫೋನು ಹೊಳಿ ಪಾಲಾತು, ಹಳೇ ಪೇಟಿ ಅದರ ಕೂಡ ಹೋತು. ಶ್ರುತಿ ಇಲ್ಲದs ನಾವು ಸುರು ಮಾಡೂದು ಒಂದ್ ಕಡೆ, ಮುಗಸೂದು ಒಂದ್ ಕಡೆ. ಕೇಳಿದ್ರ ಬ್ರಷ್ ತಗೊಂಡು ತಿಕ್ಕು ಅಂತೀರಿ. ನಾವು ಮತ್ತ ಯಾರಿಗೆ ಹೇಳೂಣು?"

ಬರುವಾಗ ಬಸ್ಸಿನಲ್ಲಿ ಯೋಚಿಸಿ ಕಂಡುಕೊಂಡದ್ದು: ಹೊಳೆಯ ನೀರು ಕುಡಿಯುವವರ ಕಿವಿ ವಿಪರೀತ ಸೂಕ್ಷ್ಮ. ಶಾಸ್ತ್ರಜ್ಞರು ಪರಿಶೀಲಿಸಬೇಕು.

ನಾಯಿಯ ವಿಷಯ ಮಾತ್ರ ಹೊಂದುತ್ತಿಲ್ಲ.

ಜುಲೈ 14, ಸೋಮವಾರ

ಏನೂ ಇಲ್ಲ.

ದಾಕ್ಷಾಯಣಿ ಪಡಸಾಲೆಯಿಂದ ಓಡಿ ಬಂದು ನನ್ನ ಮುಂದೆಯೇ ಇದ್ದ ಕುಕ್ಕರನ್ನು ಇಳಿಸಿದಳು. ಬೇಳೆ ಸೀದಿತ್ತು. ಒಲೆ ನೋಡಿಕೊಳ್ಳಲು ನನಗೇ ಹೇಳಿ ಹೋಗಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 17, ಗುರುವಾರ

ಮೇಡಂ ಕಾಲೇಜಿಗೆ ಕರೆದರು. ಲ್ಯಾಬಿನಲ್ಲಿ ಅವರು, ಅವರ ಜೊತೆಗಾತಿ ವಾಣಿಶ್ರೀ ಎನ್ನುವ ಲೆಕ್ಚರರು, ಮತ್ತೆ ನಾನು. ಕಿಟಕಿಯಿಂದ ಬಿಸಿಲು.

"ಸರ್, ಧ್ವನೀನ ಚಿತ್ರ ಮಾಡಿ ತೋರಸ್ತೀನಿ" ಅಂದರು. ಪರದೆಯ ಮೇಲೆ ಕೆಳಗಡೆ ದಪ್ಪ ದಪ್ಪ ಗೆರೆ, ಒಂದರ ಮೇಲೊಂದು, ಹೊಲದ ಸಾಲಿನಂತೆ. "ಇದು ನಿಮ್ಮ ಅಪ್ಪಾಜಿ ಪೇಟಿ. ಹಳೇ ಜೋಳಿಗ್ಯಾಗ ಇಷ್ಟs ಇತ್ತು. ಈಗ ಹೊಸಾದು ನೋಡ್ರಿ."

ಅದೇ ಸಾಲುಗಳು. ಅವುಗಳ ಮೇಲೆ ಬಹಳ ದೂರ ಖಾಲಿ. ಆಮೇಲೆ, ಎತ್ತರದಲ್ಲಿ, ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೆಟ್ಟಗೆ.

"ಅದs ಸೀಟಿ ಸರ್. ಹಿಗ್ಗಸೂವಾಗ ಹುಟ್ಟೈತಿ. ಎಲ್ಲಾ ಮನ್ಯಾಗೂ ಐತಿ. ಕರಿ ನಾಕರಾಗ ಜೋರು."

ಚಂದದ ಗೆರೆ. ನಾನದನ್ನು ಮೊದಲ ಸಲ ನೋಡಿದೆ.

"ಪೇಟಿ ತೆಗದು ಬರೇ ಅದನ್ನಷ್ಟs ಹಚ್ಚಲೇನ್ರಿ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾದರು. ಹ್ಞೂಂ ಅಂದೆ. ಗುಂಡಿ ಒತ್ತಿದರು.

ವಾಣಿಶ್ರೀ ಮೇಡಂ ಎರಡೂ ಕಿವಿ ಮುಚ್ಚಿಕೊಂಡರು.

ಕೋಣೆ ನಿಶ್ಶಬ್ದವಾಗಿತ್ತು. ಫ್ಯಾನಿನ ಗಾಳಿಯ ಸದ್ದು ಇತ್ತು. ಹೊರಗೆ ಟ್ರ್ಯಾಕ್ಟರ್ ಹೋಯಿತು, ಅದು ಕೇಳಿಸಿತು. ಪರದೆಯ ಮೇಲೆ ಆ ಗೆರೆ ಮುಂದೆ ಮುಂದೆ ಹೋಗುತ್ತಲೇ ಇತ್ತು.

"ನಿಮ್ಮ ಸ್ಪೀಕರ್ ಕೆಟ್ಟೈತಿ" ಅಂದೆ.

ಕ್ರಾಂತಿ ಮೇಡಂ ನಿಧಾನಕ್ಕೆ ಅದನ್ನು ನಿಲ್ಲಿಸಿದರು. ಅವರು ನಿಲ್ಲಿಸಿದ್ದು ನನಗೆ ಗೊತ್ತಾದದ್ದು ವಾಣಿಶ್ರೀ ಮೇಡಂ ಕೈ ಇಳಿಸಿದಾಗ.

ಜುಲೈ 19, ಶನಿವಾರ

ಹೊಸಪೇಟೆ. ಕಿವಿ ಡಾಕ್ಟರು. ದಾಕ್ಷಾಯಣಿಯೂ ಬಂದಳು.

ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತು ಅಂದರು. ಮೊದಲು ಚೆನ್ನಾಗಿ ಒತ್ತಿದೆ. ಆಮೇಲೆ ಬಹಳ ಹೊತ್ತು ಸದ್ದೇ ಬರಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಗಾಜಿನಾಚೆ ನೋಡಿದೆ. ಪರೀಕ್ಷೆ ಮಾಡುವ ಹುಡುಗಿ ಬರೆದುಕೊಳ್ಳುತ್ತಲೇ ಇದ್ದಳು.

ಡಾಕ್ಟರು ಒಳ್ಳೆಯವರು. ಕೆಳಗಿನ ಸದ್ದು ಸರಿ ಇವೆ, ಮೇಲಿನವು ಹೋಗಿವೆ, ಎಡಕ್ಕಿಂತ ಬಲಗಿವಿ ತುಸು ವಾಸಿ ಅಂದರು. ವಯಸ್ಸು, ಜೊತೆಗೆ ವರ್ಷಗಟ್ಟಲೆ ಹೆಡ್‌ಫೋನು. ಹೋದದ್ದು ಬರುವುದಿಲ್ಲ. ಮಾತು ಕೇಳುವುದಕ್ಕೆ ಯಂತ್ರ ಹಾಕಿಕೊಳ್ಳಬಹುದು, ಆದರೆ ಸಂಗೀತದ ಕೆಲಸಕ್ಕೆ ಅದನ್ನು ನಂಬಬೇಡಿ ಅಂದರು.

ಹೊರಗೆ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತೆವು. ದಾಕ್ಷಾಯಣಿ ನನ್ನ ಬಲಕ್ಕೆ ಕೂತಳು. ಈಚೆಗೆ ಯಾವಾಗಲೂ ಬಲಕ್ಕೇ ಕೂರುತ್ತಾಳೆ.

"ನಿನಗ ಗೊತ್ತಿತ್ತೇನು?"

"ಹ್ಞೂಂರಿ."

"ಎಂದಿನಿಂದ?"

"ಹ್ವಾದ ವರ್ಷದ ಹಿಂದಿನ ವರ್ಷದಿಂದ."

"ಹೇಳಬಾರದಿತ್ತೇನು?"

ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಊರವರೆಲ್ಲ ಕಿವಿ ಬಸಣ್ಣ, ಕಿವಿ ಬಸಣ್ಣ ಅಂತಾರ. ನಾ ಹೆಂಗ ಹೇಳ್ಲಿ? ಜೋರಾಗಿ ಮಾತಾಡಿದ್ರಾತು ಅಂತ ಜೋರಾಗಿ ಮಾತಾಡಿದೆ. ಅದಕ್ಕ ನೀವು, ನಿನ್ನ ದನಿ ಒರಟಾಗ್ಯಾದ ಅಂತಂದ್ರಿ."

ಅಂದಿದ್ದೆ, ಹೌದು. ನೆನಪಾಯಿತು.

ಬಸ್ಸು ಮರಿಯಮ್ಮನಹಳ್ಳಿ ದಾಟಿದ ಮೇಲೆ ನನ್ನ ಕೈಗೆ ಒಂದು ಪೇರಲಹಣ್ಣು ಇಟ್ಟಳು.

ಜುಲೈ 21, ಸೋಮವಾರ

ಮೇಡಂ ಬಂದಿದ್ದರು. ಡಾಕ್ಟರು ಹೇಳಿದ್ದನ್ನು ಹೇಳಿದೆ. ತಲೆ ತಗ್ಗಿಸಿ ಕೇಳಿದರು. ಆಮೇಲೆ ಬಾಯಿ ಚೆನ್ನಾಗಿ ತೆರೆದು, ನನ್ನ ಮುಖಕ್ಕೆ ಮುಖ ಕೊಟ್ಟು ಮಾತಾಡಿದರು. ಕೇಳಿಸಿತು.

ಸೀಟಿ ತೆಗೆಯಲು ಎರಡು ದಾರಿ ಮಾಡಿ ತಂದಿದ್ದಾರೆ. ಒಂದರಲ್ಲಿ ಸೀಟಿ ಪೂರ್ತಿ ಹೋಗಿದೆ. ಆದರೆ ಮೇಲಿನದನ್ನೆಲ್ಲ ಕತ್ತರಿಸಿದ್ದರಿಂದ ಪೇಟಿಯ ಹೊಳಪೂ ಹೋಗಿರಬಹುದು. ಇನ್ನೊಂದರಲ್ಲಿ ಹೊಳಪು ಇದೆ, ಒಂದಿಷ್ಟು ಸೀಟಿ ಉಳಿದಿರಬಹುದು.

"ಯಾವುದು ಚಲೋ ಐತಿ?" ಅಂದೆ.

"ಸೀಟಿ ಐತೋ ಇಲ್ಲೋ ನಾ ಹೇಳಬಲ್ಲೆ ಸರ್. ಪೇಟಿ ಪೇಟಿಹಂಗ ಐತೋ ಇಲ್ಲೋ ನನಗ ತಿಳೀದು. ಅದೂ ಒಂದೊಂದು ಫೋನಿನ್ಯಾಗ ಒಂದೊಂದ್ ನಮೂನಿ. ಬಳಗದವ್ರನ್ನ ಕೇಳಬೇಕು."

ನಾನು ಪ್ರಕಟಣೆಯೊಂದನ್ನು ಬರೆದಿಟ್ಟಿದ್ದೆ, ಓದಿ ತೋರಿಸಿದೆ: 'ಅನಿವಾರ್ಯ ತಾಂತ್ರಿಕ ಕಾರಣಗಳಿಂದ ಉಂಟಾದ ಅಡಚಣೆಗಾಗಿ ವಿಷಾದಿಸುತ್ತ...'

"ಅನಿವಾರ್ಯ ಅಂದ್ರ ಯಾರ್ರಿ?" ಅಂದರು.

"ಯಾರೂ ಅಲ್ಲ."

"ಯಾರೂ ಅಲ್ಲದವ್ರು ಪಕ್ಕೀರಮ್ಮಗ ಬ್ರಷ್ ತಗೊಂಡು ತಿಕ್ಕು ಅಂದ್ರೇನು?"

ಸಿಟ್ಟು ಬಂತು. "ಮೇಡಂ, ನಿಮಗ ನೌಕರಿ ಐತಿ. ನನಗಿರೋದು ಒಂದು ಕೋಣಿ, ಒಂದು ಹೆಸರು. ಕಿವಿ ಬಸಣ್ಣಗ ಕಿವಿ ಕೇಳ್ಸಲ್ಲ ಅಂತ ನಾನs ಡಂಗುರ ಹೊಡದ್ರ ನಾಳೆ ರೆಕಾರ್ಡಿಂಗಿಗೆ ಯಾವನು ಬರ್ತಾನ?"

"ಬರದs ಹೋಗಬಹುದು" ಅಂದರು. ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. "ನಾ ಸುಳ್ಳು ಹೇಳಂಗಿಲ್ಲ ಸರ್. ಕೆಲವ್ರು ಬರಂಗಿಲ್ಲ. ಆದ್ರ ಈಗ ಅಲ್ಲಿ ಕುಂತಾರಲ್ಲ, ತಮ್ಮ ಕಿವಿನs ಕೆಟ್ಟೈತಿ ಅಂತ ತಿಳ್ಕೊಂಡು? ಹರಪನಹಳ್ಳಿ ಒಬ್ರು ನನಗ ಫೋನ್ ಮಾಡಿದ್ರು. ಬಸಣ್ಣಾರು ಇಲ್ಲ ಅಂದಮ್ಯಾಲೆ ನನ್ನ ಕಿವ್ಯಾಗ ಏನೋ ಆಗಿರಬೇಕು, ದವಾಖಾನಿಗೆ ಹೊಂಟೀನಿ ಅಂದ್ರು."

ಮೇಡಂ ರೊಟ್ಟಿ ಕಟ್ಟಿಸಿಕೊಳ್ಳದೆ ಹೋದರು. ದಾಕ್ಷಾಯಣಿ ಬಾಗಿಲವರೆಗೆ ಓಡಿ, ಗಂಟು ಕೈಯಲ್ಲಿ ಹಿಡಿದುಕೊಂಡೇ ವಾಪಸು ಬಂದಳು.

ಜುಲೈ 22, ಮಂಗಳವಾರ

ಓಬಣ್ಣನಿಗೆ ಹೇಳಿಬಿಟ್ಟೆ. ಮೊದಲು ಅವನಿಗೇ ಹೇಳಿ ನೋಡೋಣ ಅಂತ. ಬಳಗದಲ್ಲಿ ಎಲ್ಲರೆದುರು ನಗುವವನು ಅವನೇ ತಾನೇ. ಅವನು ಕೊಟ್ಟೂರಿಗೆ ಬಂದಿದ್ದ, ಚಹಾದ ಅಂಗಡಿಯ ಮುಂದೆ ನಿಂತು ಹೇಳಿದೆ.

ಅವನು ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟ. ಆಮೇಲೆ ನನ್ನ ಬಲಗಡೆಗೆ ಬಂದು ಅಂದ:

"ಲೇ ಬಸ್ಯಾ, ನನ್ನ ಬಲಗೈ ಕಿರುಬೆರಳು ಮಡಚವಲ್ದು. ಆರು ತಿಂಗಳಾತು. ನಾಟಕದವ್ರಿಗೆ ಹೇಳಿಲ್ಲ. ಆ ಬೆರಳಿಂದು ಸ್ವರ ಬಂತಂದ್ರ ಪೇಟಿ ತಿದಿ ಜೋರಾಗಿ ಒತ್ತಿ ದಾಟಸ್ತೀನಿ."

"ಯಾರಿಗೂ ಗೊತ್ತಾಗಿಲ್ಲೇನು?"

"ಹಾಡೋರಿಗೆ ಗೊತ್ತಾಗೇತಿ. ಪಾಪ, ಅವ್ರೂ ದಾಟಿಸ್ಕೊಂಡು ಹಾಡ್ತಾರ."

ಚಹಾ ಆರಿಹೋಗಿತ್ತು. ಇಬ್ಬರೂ ಕುಡಿದೆವು.

ಜುಲೈ 24, ಗುರುವಾರ, ಅಮಾವಾಸ್ಯೆ

ಬೆಳಿಗ್ಗೆ ಬಳಗದ ಬೀಗ ತೆಗೆದೆ. ಬರೆದದ್ದನ್ನು ಮೊದಲು ದಾಕ್ಷಾಯಣಿಗೆ ಓದಿದೆ. "ನಾದಬ್ರಹ್ಮ ಎಲ್ಲೂ ಬರಲಿಲ್ಲಲ್ರಿ" ಅಂದಳು. ಹೌದಲ್ಲ, ಮರೆತೇ ಹೋಗಿತ್ತು. ಮೇಡಂಗೆ ಕಳಿಸಿದೆ. ಒಂದು ವಾಕ್ಯ ತೆಗೆಸಿದರು, ಅವರನ್ನು ಹೊಗಳಿದ್ದನ್ನು. ಕಳಿಸಿದ್ದು ಇಷ್ಟು. ನನ್ನ ಹತ್ತಿರವೂ ಇರಲಿ ಎಂದು ಬರೆದುಕೊಳ್ಳುತ್ತಿದ್ದೇನೆ.

'ಬಳಗದವರಿಗೆಲ್ಲ ಶರಣು.

ಗುಂಪಿಗೆ ಬೀಗ ಹಾಕಿದವನು ನಾನು. ನೀವು ಹೇಳುತ್ತಿದ್ದುದನ್ನು ಕೇಳುವ ಮನಸ್ಸಿರಲಿಲ್ಲ, ಅದಕ್ಕೆ ಹಾಕಿದೆ. ಈಗ ತೆಗೆದಿದ್ದೇನೆ. ಮತ್ತೆ ಹಾಕುವುದಿಲ್ಲ.

ಹೊಸ ಜೋಳಿಗೆಯಲ್ಲಿ ಸೀಟಿ ಇದೆ. ನಿಮ್ಮ ಫೋನು ಸರಿ ಇದೆ, ನಿಮ್ಮ ಕಿವಿ ಸರಿ ಇದೆ, ಯಾರೂ ದವಾಖಾನೆಗೆ ಹೋಗಬೇಡಿ. ಹಳೆಯ ಧ್ವನಿಯನ್ನು ಹಿಗ್ಗಿಸುವಾಗ ಅದು ಸೇರಿಕೊಂಡಿತು. ಹಿಗ್ಗಿಸಿದವನು ನಾನು, ಕೇಳಿ ಸರಿ ಇದೆ ಅಂದವನೂ ನಾನು. ನನಗೆ ಅಷ್ಟು ಎತ್ತರದ ಸದ್ದು ಈಗ ಕೇಳಿಸುವುದಿಲ್ಲ. ಡಾಕ್ಟರಿಗೆ ತೋರಿಸಿದ್ದೇನೆ, ಅದು ವಾಪಸು ಬರುವಂಥದ್ದಲ್ಲ. ಪಕ್ಕೀರಮ್ಮನವರು ಮೊದಲ ದಿನವೇ ಹೇಳಿದ್ದರು. ಅವರು ಹೇಳಿದ್ದೇ ಖರೆ.

ಹಳೆಯ ಫೋನಿರುವವರು ಹಳೆಯ ಜೋಳಿಗೆಯನ್ನೇ ಇಟ್ಟುಕೊಳ್ಳಿ, ಅಪ್‌ಡೇಟ್ ಒತ್ತಬೇಡಿ. ಹೊಸ ಫೋನಿನವರಿಗೆ ಸರಿಮಾಡಿದ ಜೋಳಿಗೆ ನಾಳೆಯ ಶ್ರಾವಣಕ್ಕೆ ಆಗುವುದಿಲ್ಲ. ಮೊದಲ ಸೋಮವಾರಕ್ಕೆ ಆದೀತು ಎಂದೂ ಮಾತು ಕೊಡಲಾರೆ. ಅಲ್ಲಿಯವರೆಗೆ ಶ್ರುತಿ ಬೇಕಾದವರು ಹೇಳಿ. ಓಬಣ್ಣ ಮಾಸ್ತರು ತಮ್ಮ ಪೇಟಿಯಲ್ಲಿ ನಿಮ್ಮ ಮನೆ ಒತ್ತಿ, ಮುದ್ರಿಸಿ ಕಳಿಸುತ್ತಾರೆ. ಮೊದಲು ಮಾಗಳಕ್ಕೆ ಕರಿ ನಾಲ್ಕು ಹೋಗುತ್ತದೆ.

ಇನ್ನು ಮೇಲೆ ಜೋಳಿಗೆಯ ಯಂತ್ರ ಕ್ರಾಂತಿ ಮೇಡಂ ನೋಡಿಕೊಳ್ಳುತ್ತಾರೆ. ಏನು ಕೆಟ್ಟಿದೆ, ಏನು ಆಗುತ್ತಿದೆ ಎಂದು ಇಲ್ಲಿ ಬರೆಯುವುದು ನನ್ನ ಕೆಲಸ. ಕೇಳುವ ಕೆಲಸಕ್ಕೆ ಜನ ಬೇಕಾಗಿದ್ದಾರೆ.

ಅದಕ್ಕೆ ಒಂದು ಸಣ್ಣ ಉಪಕಾರ. ಕೆಳಗೆ ಕರಿ ನಾಲ್ಕರ ಎರಡು ಧ್ವನಿ ಹಾಕಿದ್ದೇನೆ, ಒಂದನೆಯದು ಮತ್ತು ಎರಡನೆಯದು. ಫ್ಯಾನ್ ಆರಿಸಿ, ಬಾಗಿಲು ಮುಂದೆ ಮಾಡಿಕೊಂಡು ಎರಡನ್ನೂ ಕೇಳಿರಿ. ಸೀಟಿ ಯಾವುದರಲ್ಲಿ ಐತಿ, ಪೇಟಿ ಪೇಟಿಹಂಗ ಯಾವುದರಲ್ಲಿ ಐತಿ, ನಿಮ್ಮ ಫೋನು ಯಾವುದು, ಇಷ್ಟು ತಿಳಿಸಿರಿ. ಕೈಮುಗಿದ ಚಿತ್ರ ಬೇಡ. ಧ್ವನಿ ಮೆಸೇಜೂ ಬೇಡ, ದಯಮಾಡಿ ಬರೆದು ಕಳಿಸಿರಿ. ಬರೆಯಲು ಬಾರದವರು ಮನೆಯಲ್ಲಿ ಯಾರಿಂದಾದರೂ ಬರೆಸಿರಿ.'